ಹಳದಿ ಹೂವಿನ ವರದಿ

ಹೇಮಲತಾ ಆ ಎರಡು ಗಿಡಗಳ ಬಗ್ಗೆ ಬರೆದ ಮೊದಲ ಟಿಪ್ಪಣಿ ಎರಡು ಪುಟದ್ದು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ.

ಅದು ತೊಂಬತ್ತಾರನೇ ಇಸವಿಯ ಮಳೆಗಾಲ. ಹೂಡಿಯ ಆಚೆ ರಾಗಿ ಹೊಲಗಳನ್ನು ಸಮ ಮಾಡಿದ ಹದಿನೆಂಟು ಎಕರೆಯಲ್ಲಿ ವಿದೇಶಿ ಕಂಪನಿಯೊಂದರ ಕಟ್ಟಡ ಏಳುತ್ತಿತ್ತು. ಅದರ ಸುತ್ತಲಿನ ಹುಲ್ಲುಹಾಸು, ಹೂಗಿಡ, ದಾರಿಬದಿಯ ಮರ ಎಲ್ಲದರ ಗುತ್ತಿಗೆ ಚನ್ನವೀರಪ್ಪನವರದು. ದಾವಣಗೆರೆಯಿಂದ ಬಂದು ಸಣ್ಣದೊಂದು ನರ್ಸರಿ ಇಟ್ಟುಕೊಂಡಿದ್ದವರು, ಮೂವತ್ತು ವರ್ಷಗಳಲ್ಲಿ ದೊಡ್ಡ ಗುತ್ತಿಗೆದಾರರಾಗಿದ್ದರು. ಹೇಮಲತಾಳ ತಂದೆಗೆ ಹಾಸ್ಟೆಲಿನ ಕಾಲದ ಗೆಳೆಯರು. ಧಾರವಾಡದಲ್ಲಿ ತೋಟಗಾರಿಕೆಯ ಎಂಎಸ್ಸಿ ಮುಗಿಸಿ ಎರಡು ವರ್ಷ ಅರ್ಜಿ ಹಾಕುತ್ತಲೇ ಕೂತಿದ್ದ ಅವಳನ್ನು ಕರೆದು ಕೆಲಸ ಕೊಟ್ಟವರು ಅವರೇ. ಆಫೀಸಿನಲ್ಲಿ ಅವಳು ಅವರನ್ನು ‘ಸಾರ್’ ಎನ್ನುತ್ತಿದ್ದಳು, ಮನೆಗೆ ಹೋದಾಗ ‘ಕಾಕಾ’.

ಮುಂಬೈಯ ಆರ್ಕಿಟೆಕ್ಟ್ ಕಳಿಸಿದ ನಕ್ಷೆಯಲ್ಲಿ ಮುಖ್ಯ ಗೇಟಿನ ಪಕ್ಕದ ಇಳಿಜಾರಿಗೆ ಹಳದಿ ಬಣ್ಣ ಬಳಿದು ‘ಬ್ರೂಮ್’ ಎಂದು ಬರೆದಿತ್ತು. ಕಂಪನಿಯ ದೊಡ್ಡ ಸಾಹೇಬರ ಊರಿನ ಗುಡ್ಡಗಳಲ್ಲಿ ಆ ಹೂವು ಹಾಸಿದಂತೆ ಬಿಡುತ್ತದಂತೆ. ಉದ್ಘಾಟನೆಗೆ ಅವರು ಕಾರಿನಿಂದ ಇಳಿಯುವಾಗ ಅದೇ ಕಾಣಬೇಕು. ಆದರೆ ಯಾವ ಬ್ರೂಮ್ ಎಂದು ನಕ್ಷೆಯಲ್ಲಿ ಇರಲಿಲ್ಲ.

ಹೇಮಲತಾ ಓದುವಾಗ ನೀಲಗಿರಿ ಪ್ರವಾಸಕ್ಕೆ ಹೋಗಿದ್ದಳು. ಅಲ್ಲಿ ಎರಡನ್ನೂ ನೋಡಿದ್ದಳು. ಎರಡೂ ಅವರೆ, ತೊಗರಿಯ ಬಳಗದವು. ಎರಡಕ್ಕೂ ಚಿಟ್ಟೆ ಕೂತಂಥ ಹಳದಿ ಹೂ. ದೂರದಿಂದ ನೋಡಿದರೆ ಅಕ್ಕತಂಗಿಯರು. ಹತ್ತಿರ ಹೋದರೆ ಬೇರೆ. ಸ್ಕಾಚ್ ಬ್ರೂಮಿನ ಕಡ್ಡಿಗೆ ಉದ್ದಕ್ಕೂ ಐದು ಏಣುಗಳು, ಮೂರು ಮೂರು ಪುಟ್ಟ ಎಲೆ. ಅದಕ್ಕೆ ಬೆಟ್ಟದ ಚಳಿ ಬೇಕು. ಬಲಿತ ಕಾಯಿ ಬಿಸಿಲಿಗೆ ಚಟ್ಟೆಂದು ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಬೀಜ ಹತ್ತಾರು ವರ್ಷ ಮಣ್ಣಿನಲ್ಲಿ ಕಾಯುತ್ತ ಬಿದ್ದಿರುತ್ತದೆ. ನೀಲಗಿರಿಯ ಹುಲ್ಲುಗಾವಲನ್ನು ಅದು ನುಂಗುತ್ತಿರುವುದನ್ನು ಮೇಷ್ಟ್ರು ಕೈ ಮಾಡಿ ತೋರಿಸಿದ್ದರು. ಸ್ಪ್ಯಾನಿಶ್ ಬ್ರೂಮಿನ ಕಡ್ಡಿ ದುಂಡಗೆ, ನುಣ್ಣಗೆ, ಜೊಂಡಿನ ಹಾಗೆ. ಎಲೆ ಇದ್ದೂ ಇಲ್ಲದಂತೆ. ಹೂವು ದೊಡ್ಡದು, ಸುವಾಸನೆಯದು. ಕಲ್ಲು ನೆಲ, ಒಣ ಬಿಸಿಲು ಅದಕ್ಕೆ ಒಗ್ಗುತ್ತದೆ.

ಇದಿಷ್ಟನ್ನೂ ಬರೆದು ಅವಳು ಕೊನೆಗೆ ಸೇರಿಸಿದ್ದಳು: ಬೆಂಗಳೂರಿನಲ್ಲಿ ಸ್ಕಾಚ್ ಬ್ರೂಮ್ ಬದುಕುವುದಿಲ್ಲ, ಬದುಕಿದರೂ ತರಬಾರದು. ಸ್ಪ್ಯಾನಿಶ್ ಬಹುಶಃ ಬದುಕೀತು. ಎರಡಕ್ಕಿಂತ ಒಳ್ಳೆಯದು ನಮ್ಮ ತಂಗಡಿ. ಅದೂ ಹಳದಿ ಹೂವೇ, ನೀರೂ ಕೇಳುವುದಿಲ್ಲ.

“ತಂಗಡಿ ಅಂದ್ರೆ ಆ ರೋಡ್ ಸೈಡ್ ಗಿಡಾನಾ?” ಎಂದು ಆರ್ಕಿಟೆಕ್ಟ್ ಫೋನಿನಲ್ಲಿ ನಕ್ಕನಂತೆ. ಚನ್ನವೀರಪ್ಪನವರು ಅದನ್ನು ಹೇಳಿ ತಾವೂ ನಕ್ಕರು. “ಇರಲಿ ಬಿಡಮ್ಮ. ನಿನ್ನ ಸ್ಪ್ಯಾನಿಶ್ಶೇ ಇರಲಿ. ಮೊದಲು ಒಂದಿಷ್ಟು ಬೆಳೆಸಿ ತೋರ್ಸು.”

ವ್ಯತ್ಯಾಸ ಕಣ್ಣಾರೆ ತೋರಿಸಲೆಂದು ಅವಳು ಕೂನೂರಿನ ಹವ್ಯಾಸಿ ತೋಟಗಾರರೊಬ್ಬರಿಂದ ಎರಡರ ಬೀಜವನ್ನೂ ತರಿಸಿದಳು. ಸಿಮೆಂಟ್ ಷೆಡ್ಡಿನ ಹಿಂದೆ ಪಾತಿ ಮಾಡಿಸಿ ಒಂದು ಸಾಲು ಅದು, ಒಂದು ಸಾಲು ಇದು, ಹತ್ತು ಹತ್ತು ಗಿಡ. ಅವುಗಳನ್ನು ನೋಡಿಕೊಳ್ಳಲು ಸಿಕ್ಕವಳು ಮುದುಕವ್ವ.

ಮುದುಕವ್ವ ಕುಷ್ಟಗಿ ಕಡೆಯವಳು. ಹೆಸರು ಹಾಗಿದ್ದರೂ ನಲವತ್ತೈದು ದಾಟಿರಲಿಲ್ಲ. ಗಂಡ ಯಂಕಪ್ಪ ಅದೇ ಕಟ್ಟಡದಲ್ಲಿ ಕಬ್ಬಿಣ ಕಟ್ಟುತ್ತಿದ್ದ. ಪಟ್ಟಂದೂರು ಅಗ್ರಹಾರದ ಕಡೆಗಿದ್ದ ತಗಡಿನ ಷೆಡ್ಡುಗಳಲ್ಲಿ ಅವರ ಬಿಡಾರ. ಕೂಲಿಯವರನ್ನು ಒದಗಿಸುವ ಮೇಸ್ತ್ರಿ ನೀಲಪ್ಪ ಅವಳನ್ನೂ ಇನ್ನೈದು ಹೆಂಗಸರನ್ನೂ ತೋಟದ ಕೆಲಸಕ್ಕೆ ಹಾಕಿದ್ದ. ಹೇಮಲತಾ ರಾಣೆಬೆನ್ನೂರಿನವಳು ಎಂದು ತಿಳಿದ ದಿನದಿಂದ ಅವಳು ‘ಮೇಡಂ’ ಬಿಟ್ಟು ‘ಅಕ್ಕಾರ’ ಎನ್ನತೊಡಗಿದ್ದಳು.

“ಇದರ ಹೆಸರೇನ್ರಿ ಅಕ್ಕಾರ?”

“ಬ್ರೂಮ್ ಅಂತ. ಅಂದ್ರ ಕಸಬರಿಗಿ. ಅವರ ಊರಾಗ ಇದರ ಕಡ್ಡೀಲೆ ಕಸಬರಿಗಿ ಮಾಡ್ತಿದ್ರಂತ.”

ಮುದುಕವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಕಸಬರಿಗಿಗೆ ಇಷ್ಟು ಮರ್ಯಾದಿ ಏನ್ರಿ! ನಾವು ಬಾಗಿಲ ಹಿಂದ ಇಡ್ತೀವಿ, ಇವರು ಬಾಗಿಲ ಮುಂದ ಹಚ್ಚತಾರ. ಆಡಿಗೆ ಹಾಕಬಹುದೇನ್ರಿ ಇದನ್ನ?”

“ಬ್ಯಾಡ. ಎರಡೂ ವಿಷ.”

ಓದು ಬರದ ಮುದುಕವ್ವ ಆ ಇಪ್ಪತ್ತು ಗಿಡಗಳನ್ನು ಕೈಯಿಂದಲೇ ಕಲಿತಳು. ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳಿನ ನಡುವೆ ಕಡ್ಡಿಯನ್ನು ಹೊರಳಿಸಿ, “ಇದು ಉರುಳತೈತಿ, ಇದು ಉರುಳಂಗಿಲ್ಲ” ಎನ್ನುತ್ತಿದ್ದಳು. ಯಾವ ಸಾಲಿಗೆ ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ, ಯಾವುದು ಮಧ್ಯಾಹ್ನದ ಬಿಸಿಲಿಗೆ ಬಾಡುತ್ತದೆ ಎಂದು ಹೇಮಲತಾ ಕೇಳುವ ಮೊದಲೇ ಹೇಳುತ್ತಿದ್ದಳು. ಹೇಮಲತಾಳಿಗೆ ಅದೊಂದು ಹೆಮ್ಮೆಯಾಗಿತ್ತು. ಸಂಜೆ ಮನೆಯಲ್ಲಿ ಗಂಡ ಈರೇಶನ ಮುಂದೆ ಅದನ್ನೇ ಹೇಳುವಳು. ಈರೇಶ ದುಡಿಯುತ್ತಿದ್ದ ಪೀಣ್ಯದ ಕಾರ್ಖಾನೆಗೆ ಬೀಗ ಬಿದ್ದು ಆಗ ಐದು ತಿಂಗಳು. ಅವನು ಪೇಪರಿನಿಂದ ತಲೆ ಎತ್ತದೆ ‘ಹೂಂ’ ಎನ್ನುವನು.

ಮಾರ್ಚಿ ಕೊನೆಯ ಹೊತ್ತಿಗೆ ಸ್ಕಾಚ್ ಸಾಲಿನಲ್ಲಿ ಏಳು ಗಿಡ ಸತ್ತಿದ್ದವು. ಸ್ಪ್ಯಾನಿಶ್ ಸಾಲಿನಲ್ಲಿ ಎರಡು. ಹೇಮಲತಾ ಲೆಕ್ಕ ಬರೆದು ಟಿಪ್ಪಣಿಗೆ ಲಗತ್ತಿಸಿದಳು. ಉದ್ಘಾಟನೆ ಏಪ್ರಿಲ್ ಇಪ್ಪತ್ತಕ್ಕೆ ನಿಂತಿತ್ತು. ಅಷ್ಟರೊಳಗೆ ಬೀಜದಿಂದ ಸಾವಿರ ಗಿಡ ಬೆಳೆಸುವುದು ಆಗದ ಮಾತು. ಚನ್ನವೀರಪ್ಪನವರು ಊಟಿಯ ಏಜೆಂಟನೊಬ್ಬನಿಗೆ ಬೆಳೆದ ಗಿಡಗಳಿಗೇ ಆರ್ಡರ್ ಕೊಟ್ಟರು.

ಲಾರಿ ಬಂದದ್ದು ಏಪ್ರಿಲ್ ಹನ್ನೆರಡರ ಬೆಳಿಗ್ಗೆ. ಸಾವಿರದ ಇನ್ನೂರು ಗಿಡ, ಎಲ್ಲವೂ ಎದೆಯೆತ್ತರ, ತುಂಬ ಮೊಗ್ಗು. ಬಿಲ್ಲಿನಲ್ಲಿ ‘ಸ್ಪ್ಯಾನಿಶ್ ಬ್ರೂಮ್’ ಎಂದು ಬರೆದಿತ್ತು. ಹೇಮಲತಾ ಬಿಲ್ಲು ನೋಡುತ್ತಿದ್ದಾಗಲೇ ಲಾರಿಯ ಹಿಂದಿನಿಂದ ಮುದುಕವ್ವ ಕೂಗಿದಳು.

“ಅಕ್ಕಾರ, ಸ್ವಲ್ಪ ಇತ್ತ ಬರ್ರಿ.”

ಅವಳ ಕೈಯಲ್ಲೊಂದು ಕಡ್ಡಿ ಇತ್ತು. ಬೆರಳಲ್ಲಿ ಹೊರಳಿಸುತ್ತಿದ್ದಳು. “ಇವು ಉಳದ ಸಾಲಿನ್ವು ಅಲ್ರಿ. ಸತ್ತ ಸಾಲಿನ್ವು.”

ಹೇಮಲತಾ ತಾನೂ ಮುಟ್ಟಿ ನೋಡಿದಳು. ಐದು ಏಣು. ಮೂರು ಎಲೆ. ಪ್ಲಾಸ್ಟಿಕ್ ಚೀಲ ಹರಿದಳು. ಬೇರು ಗುದ್ದಲಿಯಿಂದ ಕಡಿದದ್ದು, ಗಾಯ ಇನ್ನೂ ಬೆಳ್ಳಗಿತ್ತು. ಗುಡ್ಡದಿಂದ ಕಿತ್ತು ಚೀಲಕ್ಕೆ ತುರುಕಿ ಒಂದು ವಾರವೂ ಆಗಿರಲಿಲ್ಲ. ಅವಳು ಇನ್ನೂ ಇಪ್ಪತ್ತು ಚೀಲ ನೋಡಿದಳು. ಎಲ್ಲ ಅದೇ.

ಸೈಟ್ ಆಫೀಸಿಗೆ ಓಡಿದಂತೆ ಹೋದಳು. ಚನ್ನವೀರಪ್ಪನವರು ಇಡ್ಲಿ ತಿನ್ನುತ್ತಿದ್ದರು.

“ಸಾರ್, ಅವು ಸ್ಕಾಚ್. ಕಾಡಿನಿಂದ ಕಿತ್ತಿದ್ದು. ಒಂದೂ ಉಳಿಯಲ್ಲ. ವಾಪಸ್ ಕಳಿಸ್ಬೇಕು.”

“ಮೊಗ್ಗು ಇದಾವಾ?”

“ಇದಾವೆ ಸಾರ್, ಆದ್ರೆ—”

“ಇಪ್ಪತ್ತನೇ ತಾರೀಕಿಗೆ ಅರಳ್ತಾವಾ?”

ಕಿತ್ತ ಗಿಡವೂ ಮೈಯಲ್ಲಿ ಉಳಿದ ಕಸುವಿನಲ್ಲಿ ಇದ್ದ ಮೊಗ್ಗನ್ನು ಅರಳಿಸಿಯೇ ಸಾಯುತ್ತದೆ. ಅದು ಹೇಮಲತಾಳಿಗೆ ಗೊತ್ತಿತ್ತು.

“ಅರಳಬಹುದು.”

“ಮತ್ತೇನಮ್ಮ! ನೆಡಿಸು. ಹಳದಿ ಕೇಳಿದಾರೆ, ಹಳದಿ ಕೊಡೋಣ. ಆ ಮೇಲಿಂದು ಆ ಮೇಲೆ.”

ನೆಟ್ಟರು. ಆರು ಹೆಂಗಸರು ಎಂಟು ದಿನ ಆ ಇಳಿಜಾರಿನ ಮೇಲೇ ಇದ್ದರು. ಪೈಪು ಹಿಡಿದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು. ಬಿಸಿಲು ಏರಿದಾಗ ಗಿಡಗಳಿಗೆ ಗೋಣಿತಾಟು ನೆನೆಸಿ ಹೊದಿಸಿದ್ದು ಮುದುಕವ್ವನದೇ ಯೋಚನೆ. ಇಪ್ಪತ್ತರ ಬೆಳಿಗ್ಗೆ ಇಳಿಜಾರು ನಿಜಕ್ಕೂ ಹಳದಿಯಾಗಿತ್ತು. ದೊಡ್ಡ ಸಾಹೇಬರು ಕಾರಿಳಿದವರೇ ಕೈ ಎತ್ತಿ ನಿಂತರು. ಹೂವಿನ ಮುಂದೆ ಫೋಟೋ ಆಯಿತು. ಆರ್ಕಿಟೆಕ್ಟ್ ಇದ್ದ, ಚನ್ನವೀರಪ್ಪನವರಿದ್ದರು. ಹೇಮಲತಾಳನ್ನೂ ಕರೆದು ಅಂಚಿನಲ್ಲಿ ನಿಲ್ಲಿಸಿಕೊಂಡರು. ಮುದುಕವ್ವನೂ ಉಳಿದ ಹೆಂಗಸರೂ ಆ ಹೊತ್ತು ಸಿಮೆಂಟ್ ಷೆಡ್ಡಿನ ಹಿಂದೆ ಇದ್ದರು. ಅತಿಥಿಗಳು ಹೋಗುವ ತನಕ ಈಚೆ ಬರಕೂಡದು ಎಂದು ನೀಲಪ್ಪ ಹೇಳಿದ್ದ.

ಎರಡು ದಿನ ಬಿಟ್ಟು ಚನ್ನವೀರಪ್ಪನವರ ಇನ್ನೊಂದು ಸೈಟಿಗೆ, ಎಲೆಕ್ಟ್ರಾನಿಕ್ ಸಿಟಿಗೆ, ಪೈಪು ಬೇಕಾಯಿತು. ಎರಡು ಸುರುಳಿಯನ್ನೂ ಟೆಂಪೋಗೆ ಹಾಕಿ ಕಳಿಸಿದರು. ಗೇಟಿನ ಚೀಟಿಗೆ ಸಹಿ ಮಾಡಿದವಳು ಹೇಮಲತಾಳೇ. ಆಮೇಲೆ ಹೆಂಗಸರು ಟ್ಯಾಂಕರಿನಿಂದ ಕೊಡದಲ್ಲಿ ನೀರು ಹೊತ್ತರು. ಕೊಡ ಹೊತ್ತರೂ ಅಷ್ಟೇ, ಹೊಳೆ ಹರಿಸಿದ್ದರೂ ಅಷ್ಟೇ. ಮೇ ಮೊದಲ ವಾರ ಕಡ್ಡಿಗಳು ತುದಿಯಿಂದ ಕಪ್ಪಾದವು. ಎರಡನೆಯ ವಾರ ಇಳಿಜಾರೆಲ್ಲ ಸುಟ್ಟು ಹಾಕಿದಂತೆ ಆಯಿತು. ಷೆಡ್ಡಿನ ಹಿಂದೆ, ಸ್ಪ್ಯಾನಿಶ್ ಸಾಲಿನ ಎಂಟು ಗಿಡ ಹಸುರಾಗಿಯೇ ಇದ್ದವು.

ಕಂಪನಿಯವರು ಲಿಖಿತ ಕಾರಣ ಕೇಳಿದರು. ಒಪ್ಪಂದದ ಪ್ರಕಾರ, ತಪ್ಪು ಜಾತಿಯ ಗಿಡ ನೆಟ್ಟಿದ್ದರೆ ಚನ್ನವೀರಪ್ಪನವರು ತಮ್ಮ ಕೈಯಿಂದ ಎಲ್ಲವನ್ನೂ ಮತ್ತೆ ನೆಡಬೇಕು. ಎರಡನೇ ಹಂತದ ಗುತ್ತಿಗೆಯೂ ಕೈತಪ್ಪುತ್ತದೆ. ಕೂಲಿಯವರ ಅಲಕ್ಷ್ಯದಿಂದ ಸತ್ತಿದ್ದರೆ ಹೊಣೆ ಕೂಲಿ ಒದಗಿಸಿದವನದು.

ಆ ಭಾನುವಾರ ಚನ್ನವೀರಪ್ಪನವರು ಹೇಮಲತಾಳನ್ನೂ ಈರೇಶನನ್ನೂ ಮನೆಗೆ ಊಟಕ್ಕೆ ಕರೆದರು. ಅವರ ಹೆಂಡತಿ ಮಹಾಂತಮ್ಮ ಹೋಳಿಗೆ ಮಾಡಿದ್ದರು. ಊಟವಾದ ಮೇಲೆ ಚನ್ನವೀರಪ್ಪನವರು ಈರೇಶನಿಗೆ, ತಮ್ಮ ಉಗ್ರಾಣ ನೋಡಿಕೊಳ್ಳಲು ನಂಬಿಕೆಯ ಮನುಷ್ಯ ಬೇಕಾಗಿದೆ ಎಂದರು. ಈರೇಶನ ಮುಖ ಎಷ್ಟೋ ತಿಂಗಳ ಮೇಲೆ ಅರಳಿದ್ದನ್ನು ಹೇಮಲತಾ ನೋಡಿದಳು. ಆಮೇಲೆ ಅವಳ ಕಡೆ ತಿರುಗಿದರು.

“ಹೇಮಾ, ಆ ವರದಿ ನೀನೇ ಬರೀಬೇಕು ಕಣಮ್ಮ. ಎಂಎಸ್ಸಿ ಸಹಿ ಇದ್ರೆ ಅವರು ಒಪ್ತಾರೆ.”

“ಏನಂತ ಬರೀಲಿ ಕಾಕಾ?”

“ಗಿಡ ಸ್ಪ್ಯಾನಿಶ್ಶೇ. ನೀರಿಲ್ದೆ ಸತ್ತವು. ಪೈಪು ಕಾಣ್ತಾ ಇಲ್ಲ.”

“ಪೈಪು ನಾವೇ—”

“ಗೊತ್ತಮ್ಮ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಆ ಕೂಲಿಯವರಿಗೇನು, ಇವತ್ತು ಇಲ್ಲಿ, ನಾಳೆ ಇನ್ನೊಂದು ಸೈಟು. ನಾವು ನೀವು ಇಲ್ಲೇ ಇರೋರು.”

ಮನೆಗೆ ಬರುವ ಬಸ್ಸಿನಲ್ಲಿ ಈರೇಶ, “ಏನ್ ಬರದ್ರೇನು, ಸತ್ತ ಗಿಡ ಎದ್ದು ಬರ್ತಾವೇನು?” ಎಂದ. ಅವಳು ಕಿಟಕಿಯ ಆಚೆ ನೋಡುತ್ತ ಕುಳಿತಳು. ‘ಬರೆಯಬೇಡ’ ಎಂದು ಅವನು ಹೇಳಲಿ ಎಂದು ಕಾಯುತ್ತಿದ್ದಳು. ಅವನು ಹೇಳಲಿಲ್ಲ.

ಎರಡನೇ ವರದಿಯನ್ನು ಅವಳು ಸೋಮವಾರ ಬರೆದಳು. ಅದೂ ಎರಡು ಪುಟವೇ ಆಯಿತು. ಸ್ಪ್ಯಾನಿಶ್ ಬ್ರೂಮಿನ ದುಂಡು ಕಡ್ಡಿ, ಸಣ್ಣ ಎಲೆ, ಬಿಸಿಲು ತಾಳುವ ಗುಣ ಎಲ್ಲವನ್ನೂ ಹಳೆಯ ಟಿಪ್ಪಣಿಯಿಂದ ಹಾಗೇ ಇಳಿಸಿದಳು. ಆ ಮಾತುಗಳನ್ನು ಸತ್ತ ಗಿಡಗಳಿಗೆ ತೊಡಿಸಿದಳು, ಅಷ್ಟೇ. ನಂತರ ನೀರುಣಿಸುವಲ್ಲಿ ತೀವ್ರ ಅಲಕ್ಷ್ಯ, ಎರಡು ಸುರುಳಿ ಪೈಪು ಕಾಣೆ. ಕೆಳಗೆ ಸಹಿ ಹಾಕಿ, ಪಕ್ಕದಲ್ಲಿ ಎಂಎಸ್ಸಿ ಎಂದು ಬರೆದಳು.

ಷೆಡ್ಡಿನ ಹಿಂದಿನ ಎಂಟು ಗಿಡಗಳನ್ನು ಯಾರೋ ಅಂದೇ ಕಿತ್ತು ಹಾಕಿದರು.

ಗುರುವಾರ ಬೆಳಿಗ್ಗೆ ಗೇಟಿನಲ್ಲಿ ಸೆಕ್ಯೂರಿಟಿಯವರು ಆರು ಹೆಂಗಸರನ್ನು ನಿಲ್ಲಿಸಿದರು. ಗಂಟು ಬಿಚ್ಚಿಸಿದರು. ಮುದುಕವ್ವನ ಗಂಟಿನಿಂದ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ, ಒಂದು ಹಣಿಗೆ ಬಿದ್ದವು. ಸೀರೆ ಕೊಡವು ಎಂದ ಒಬ್ಬ. ಎರಡನೇ ಹಂತದ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವರೆಲ್ಲ ನೋಡುತ್ತ ನಿಂತರು. ನೀಲಪ್ಪ ಎಲ್ಲರೆದುರು, “ಕಳ್ರನ್ನ ಸಾಕ್ದಂಗಾಯ್ತಲ್ಲೋ ನಾನು!” ಎಂದು ಯಂಕಪ್ಪನ ಕೆನ್ನೆಗೆ ಹೊಡೆದ. ಯಂಕಪ್ಪ ಹೊಡೆಸಿಕೊಂಡು, ಬಿದ್ದ ರೊಟ್ಟಿಯ ಮಣ್ಣು ಒರೆಸಿದ.

ಹೇಮಲತಾ ಸೈಟ್ ಆಫೀಸಿನ ಮೆಟ್ಟಿಲ ಮೇಲಿದ್ದಳು. ಮುದುಕವ್ವ ಅವಳನ್ನು ಕಂಡು, ಜೀವ ಬಂದವಳಂತೆ ಕೂಗಿದಳು:

“ಅಕ್ಕಾರ! ನೀವರ ಹೇಳ್ರಿ. ಪೈಪು ಟೆಂಪೋದಾಗ ಹೋತಲ್ರಿ, ನೀವ ಇದ್ರಿ ಅಲ್ರಿ. ಗಿಡಾ ಬ್ಯಾರೆ ಬಂದಾವಂತ ನಾ ಅವತ್ತ ಹೇಳಿದ್ದಿಲ್ರಿ?”

ಎಲ್ಲರೂ ಹೇಮಲತಾಳ ಕಡೆ ತಿರುಗಿದರು. ಅವಳ ಹಿಂದೆ ಬಾಗಿಲಲ್ಲಿ ಚನ್ನವೀರಪ್ಪನವರು ನಿಂತಿದ್ದರು. ಅವಳು, “ಒಳಗ ಫೋನ್ ಬಂದೈತಿ” ಎಂದು ಹೇಳಿ ಒಳಗೆ ಹೋದಳು. ಫೋನು ಬಂದಿರಲಿಲ್ಲ. ಮೇಜಿನ ಮುಂದೆ ಕೂತು ಅವಳು ಹೊರಗಿನ ಸದ್ದು ಅಡಗುವ ತನಕ ರಿಸೀವರನ್ನು ಕಿವಿಗೆ ಒತ್ತಿಕೊಂಡೇ ಇದ್ದಳು.

ಮಧ್ಯಾಹ್ನದೊಳಗೆ ತಗಡಿನ ಷೆಡ್ಡುಗಳಲ್ಲಿ ಆರು ಬಿಡಾರ ಖಾಲಿಯಾದವು.

ಕಂಪನಿ ವರದಿ ಒಪ್ಪಿತು. ಇಳಿಜಾರಿಗೆ ಹುಲ್ಲುಹಾಸು ಹಾಕಿ ಎಂದಿತು. ದೊಡ್ಡ ಸಾಹೇಬರು ಮತ್ತೆ ಬರುವುದು ಮೂರು ವರ್ಷದ ಮೇಲಂತೆ. ಎರಡನೇ ಹಂತದ ಗುತ್ತಿಗೆ ಸಿಕ್ಕಿತು. ಈರೇಶ ಉಗ್ರಾಣಕ್ಕೆ ಸೇರಿದ. ನಿದ್ದೆ ಮಾತ್ರ ಅವಳಿಗೆ ಸರಿಯಾಗಿ ಬರಲೊಲ್ಲದಾಯಿತು. ಜುಲೈನಲ್ಲಿ ಒಂದು ದಿನ ಅರ್ಧ ರಜೆ ಹಾಕಿ ಪಟ್ಟಂದೂರು ಅಗ್ರಹಾರಕ್ಕೆ ಹೋಗಿ ಮುದುಕವ್ವನ ಬಗ್ಗೆ ವಿಚಾರಿಸಿದಳು. ಅಲ್ಲೇ ಉಳಿದಿದ್ದ ಲಕ್ಷ್ಮವ್ವ ಎಂಬಾಕೆ ಮೊದಲು ಗೊತ್ತಿಲ್ಲ ಎಂದಳು. ಎರಡನೇ ಸಲ ಕೇಳಿದಾಗ, “ವರ್ತೂರ ಕೆರಿ ಕಡೆ ಮನಿ ಕಟ್ಟಾಕತ್ತಾರ, ಅಲ್ಲಿ ನೋಡ್ರಿ” ಎಂದಳು.

ವರ್ತೂರಿನಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳು ಏಳುತ್ತಿದ್ದವು. ಮುದುಕವ್ವ ಗಾರೆಯ ಬುಟ್ಟಿ ಹೊತ್ತು ಹಲಗೆಯ ಮೇಲೆ ಹತ್ತುತ್ತಿದ್ದಳು. ಇಳಿದು ಬಂದಾಗ ಹೇಮಲತಾಳನ್ನು ನೋಡಿ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ‘ಅಕ್ಕಾರ’ ಎನ್ನಲಿಲ್ಲ.

“ಏನ್ರಿ ಮೇಡಂ?”

“ಮುದುಕವ್ವ, ನಾ ತಪ್ಪು ಮಾಡಿದೆ. ನಿಂದೇನೂ ತಪ್ಪಿಲ್ಲಂತ ಕಾಗದದಾಗ ಬರದು ಕೊಡ್ತೀನಿ. ನನ್ನ ಸಹೀನೂ ಹಾಕ್ತೀನಿ.”

“ಯಾರಿಗೆ ತೋರಸ್ಲಿ ಅದನ್ನ?”

ಹೇಮಲತಾ ತೆರೆಯಹೊರಟಿದ್ದ ಬ್ಯಾಗನ್ನು ಮತ್ತೆ ಮುಚ್ಚಿದಳು.

“ನಮ್ಮವ ಅವತ್ತಿಂದ ಮಾತ ಕಡಿಮಿ ಮಾಡ್ಯಾನ್ರಿ,” ಮುದುಕವ್ವ ಬುಟ್ಟಿಯ ಅಂಚಿಗೆ ಒಣಗಿದ ಗಾರೆಯನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು. “ಮೂವತ್ತು ವರ್ಷ ದುಡದೀನಿ, ಯಾರೂ ನನ್ನ ಹೇಣ್ತಿನ್ನ ಕಳ್ಳಿ ಅಂದಿದ್ದಿಲ್ಲ ಅಂತಾನ. ತನಗ ಹೊಡದದ್ದಕ್ಕಲ್ಲ, ನನಗ ಅಂದದ್ದಕ್ಕ. ನೀವು ಮೆಟ್ಟಲ ಮ್ಯಾಲ ಇದ್ರಿ. ಅಲ್ಲಿ ಒಂದ ಮಾತ ಸಾಕಿತ್ತು. ಈಗ ಕಾಗದ ಯಾಕ್ರಿ?”

ಅಷ್ಟರಲ್ಲಿ ಮೇಲಿನಿಂದ ಅಲ್ಲಿನ ಮೇಸ್ತ್ರಿ ಕೂಗಿದ: “ಏಯ್, ಅದೇನಮ್ಮ ಅಲ್ಲಿ ಪಂಚಾಯ್ತಿ? ಗಾರೆ ಒಣಗ್ತಾ ಐತೆ!”

ಮುದುಕವ್ವ ತಟ್ಟನೆ ಬುಟ್ಟಿ ತುಂಬಿಸಿಕೊಳ್ಳಲು ಬಗ್ಗಿದಳು. ಹೇಮಲತಾಳಿಗೆ ಏನಾದರೂ ಮಾಡಲೇಬೇಕೆನ್ನಿಸಿತು. ಮೇಲೆ ನೋಡಿ ಗಟ್ಟಿಯಾಗಿ ಹೇಳಿದಳು: “ನೋಡ್ರಿ ಮೇಸ್ತ್ರಿ, ಈಕೆ ಬಹಳ ಒಳ್ಳೆ ಕೆಲಸಗಾರ್ತಿ. ಹೂಡಿ ಸೈಟಲ್ಲಿ ನಮ್ಮ ಹತ್ರ ಇದ್ಲು. ಕಳ್ಳತನ ಗಿಳ್ಳತನ ಏನೂ ಮಾಡಿದವಳಲ್ಲ. ಅದೆಲ್ಲ ಸುಳ್ಳು.”

ಮೇಸ್ತ್ರಿ ಹಲಗೆಯ ಅಂಚಿಗೆ ಬಂದು ಬಗ್ಗಿ ನೋಡಿದ. “ಯಾವ ಕಳ್ತನ ಮೇಡಂ?”

ಮುದುಕವ್ವನ ಕೈ ಸಲಿಕೆಯ ಮೇಲೆ ಹಾಗೇ ನಿಂತಿತು. ಇಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ ಎಂಬುದು ಹೇಮಲತಾಳಿಗೆ ಆಗ ಅರ್ಥವಾಯಿತು.

“ಏನಿಲ್ಲ, ಏನಿಲ್ಲ” ಎಂದಳು.

“ಏನಿಲ್ದೆ ಇಷ್ಟು ದೂರ ಹುಡಿಕ್ಕೊಂಡು ಬತ್ತೀರಾ?” ಮೇಸ್ತ್ರಿ ನಕ್ಕ. ಆಮೇಲೆ ಮುದುಕವ್ವನ ಕಡೆ ನೋಡಿ, ನಗು ಇಲ್ಲದೆ, “ಏಯಮ್ಮಾ, ಆ ಬುಟ್ಟಿ ಅಲ್ಲೇ ಮಡಗು. ಮಾತಾಡ್ಬೇಕು ನಿನ್ ಗಂಡನ್ ತಾವ. ಕರೀ ಅವನ್ನ” ಎಂದ.

ಮುದುಕವ್ವ ಹೇಮಲತಾಳನ್ನು ಬೈಯಲಿಲ್ಲ. ಕೈ ಮುಗಿದಳು. “ಹೋಗ್ರಿ,” ಎಂದಳು ಮೆಲ್ಲಗೆ. “ನಿಮ್ಮ ಕಾಲ ಬೀಳ್ತೀನಿ. ಇನ್ನೊಮ್ಮೆ ಹುಡುಕ್ಯಾಡಬ್ಯಾಡ್ರಿ ನಮ್ಮನ್ನ.”

ಮರಳಿನ ರಾಶಿ, ನಿಂತ ಟ್ರ್ಯಾಕ್ಟರ್ ದಾಟಿಕೊಂಡು ಹೇಮಲತಾ ಬಸ್ ನಿಲ್ದಾಣದ ತನಕ ನಡೆದಳು. ಹಿಂದೆ ಮೇಸ್ತ್ರಿಯ ದನಿ ಏರುತ್ತಿತ್ತು. ಒಮ್ಮೆ ಯಂಕಪ್ಪನ ದನಿಯೂ ಕೇಳಿತೆನಿಸಿತು. ಅವಳು ತಿರುಗಿ ನೋಡಲಿಲ್ಲ.

ಮನೆಗೆ ಬಂದಾಗ ಈರೇಶ ಉಗ್ರಾಣದಿಂದ ಬಂದು ಚಹಾ ಕುಡಿಯುತ್ತ ಕೂತಿದ್ದ.

“ಸಿಕ್ಕಳೇನು ನಿಮ್ಮ ಮುದುಕವ್ವ?”

“ಇಲ್ಲ,” ಎಂದಳು ಹೇಮಲತಾ. “ಊರಿಗೆ ಹೋಗ್ಯಾರಂತ.”

“ಛಲೋ ಆತು ಬಿಡು,” ಎಂದು ಅವನು ಲೋಟ ಕೆಳಗಿಟ್ಟ.